ಪಾರ್ವತವ್ವನ ಹುಣಸೆಬೀಜದ ಲೆಕ್ಕ

ಗುಡ್ನಾಪುರದ ಕೆರೆಯ ಕಡೆಯಿಂದ ಊರೊಳಗೆ ಬರುವ ರಸ್ತೆಯಲ್ಲಿ ಎಡಕ್ಕೆ ಪಾರ್ವತವ್ವನ ಮನೆ. ಸಂಜೆ ಶಾಲೆ ಬಿಟ್ಟು, ಮುಖ ತೊಳೆದು, ಏನಾದರೂ ಬಾಯಿಗೆ ಹಾಕಿಕೊಂಡ ಮೇಲೆ ಓಣಿಯ ಮಕ್ಕಳು ಒಂದೊಂದಾಗಿ ಬಂದು ಆ ಮನೆಯ ಕಟ್ಟೆಯ ಮೇಲೆ ಕೂರುತ್ತವೆ. ಅಂಕಿಯ ಕೆಳಗೆ ಅಂಕಿ ಇಟ್ಟ ಲೆಕ್ಕವನ್ನು ಅವು ತಾವೇ ಮಾಡಿಕೊಳ್ಳುತ್ತವೆ. ಪಾರ್ವತವ್ವನ ಹತ್ತಿರ ತರುವುದು ಕತೆಯ ಹಾಗೆ ಬರೆದ ಲೆಕ್ಕ. ಓದಿ ಮುಗಿಸಿದರೂ ಕೂಡಿಸಬೇಕೋ ಕಳೆಯಬೇಕೋ ತಿಳಿಯದಂಥದ್ದು.

ಪಾರ್ವತವ್ವನಿಗೆ ಪುಸ್ತಕದ ಸಣ್ಣ ಅಕ್ಷರ ಓದಲು ಬರುವುದಿಲ್ಲ. ಬಸ್ಸಿನ ಬೋರ್ಡು ಕೂಡಿಸಿಕೊಂಡು ಓದುತ್ತಾಳೆ, ತನ್ನ ಹೆಸರು ಬರೆಯುತ್ತಾಳೆ. ಹಾಗಾಗಿ ಲೆಕ್ಕವನ್ನು ಮಕ್ಕಳೇ ಗಟ್ಟಿಯಾಗಿ ಓದಬೇಕು. ತಿಳಿಯದಿದ್ದರೆ ಮತ್ತೆ ಓದಬೇಕು. ಆಮೇಲೆ ಪುಸ್ತಕ ಮುಚ್ಚಿಟ್ಟು, ಏನಾಯಿತು ಅಂತ ಬಾಯಲ್ಲಿ ಹೇಳಬೇಕು. ಅಲ್ಲಿಯವರೆಗೆ ಪೆನ್ಸಿಲ್ಲು ಮುಟ್ಟುವಂತಿಲ್ಲ.

ಸುನೀಲನ ಮಗಳು ರಮ್ಯಶ್ರೀ ಮೊದಲ ಸಲ ಬಂದಾಗ ತಂದ ಲೆಕ್ಕ ಪಾರ್ವತವ್ವನಿಗೆ ಇನ್ನೂ ನೆನಪಿದೆ. ಬೈರನ ಬಳಿ ಹದಿನೈದು ಗೋಲಿಗಳಿವೆ. ಇದು ದುರ್ಗಿಯ ಬಳಿ ಇರುವುದಕ್ಕಿಂತ ಆರು ಹೆಚ್ಚು. ಹಾಗಾದರೆ ದುರ್ಗಿಯ ಬಳಿ ಎಷ್ಟು?

"ಅಜ್ಜಿ, ಕೂಡಸೂದೋ ಕಳಿಯೂದೋ ಅಷ್ಟ ಹೇಳು. ಉಳದದ್ದು ನಾ ಮಾಡ್ತೀನಿ."

"ಅದನ್ನ ಆಮ್ಯಾಲೆ ನೋಡೂಣು. ಯಾರ ಕಿಸೆ ಭಾರ ಐತಿ?"

"ಹೆಚ್ಚು ಅಂತ ಬರದಾರಲ್ಲ, ಹೆಚ್ಚು ಅಂದ್ರ ಕೂಡಸೂದು. ಇಪ್ಪತ್ತೊಂದು!"

"ದುರ್ಗಿ ಹಂತೇಲಿ ಇಪ್ಪತ್ತೊಂದು ಗೋಲಿ? ಹಂಗಾರ ಯಾರ ಕಿಸೆ ಭಾರ ಆತು?"

"ದುರ್ಗೀದು."

"ಪುಸ್ತಕ ಏನ ಹೇಳತೈತಿ? ಓದು ಮತ್ತ."

ಹುಡುಗಿ ಓದಿದಳು. ಅರ್ಧಕ್ಕೇ ನಿಂತು ತಲೆ ಕೆರೆದುಕೊಂಡಳು. ಎಡಗಡೆಯ ಕಿಸೆ ಹಿಡಿದು ಬೈರಂದು ಅಂದಳು, ಬಲಗಡೆಯದು ಹಿಡಿದು ದುರ್ಗೀದು ಅಂದಳು. ಎರಡನ್ನೂ ತೂಗಿದ ಹಾಗೆ ಮಾಡಿ, "ಒಂಬತ್ತು!" ಎಂದು ಕಟ್ಟೆಯಿಂದ ಜಿಗಿದೇಬಿಟ್ಟಳು. ಅವತ್ತಿನಿಂದ ಅವಳು ಒಂದು ಸಂಜೆಯೂ ತಪ್ಪಿಸಿದವಳಲ್ಲ.

ಕಟ್ಟೆಯ ಮೇಲೆ ಒಂದು ಹಳೆಯ ತಗಡಿನ ಡಬ್ಬಿ ಇರುತ್ತದೆ. ಅದರ ತುಂಬ ಹುಣಸೆಬೀಜ. ಕೈಯಾಡಿ ಆಡಿ ಬೀಜಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ. ಆ ಡಬ್ಬಿ ಪಾರ್ವತವ್ವ ಸೊಸೆಯಾಗಿ ಬಂದ ಕಾಲದ್ದು. ಆಗ ಸುಗ್ಗಿಯೆಂದರೆ ಕಣ. ನಡುವೆ ಮೇಟಿ ಕಂಬ, ಸುತ್ತ ಎತ್ತು, ತೂರಿದ ಭತ್ತ ಒಟ್ಟಿದರೆ ಆಳೆತ್ತರದ ರಾಶಿ. ಗಂಡ ಶಂಕ್ರಪ್ಪ ತಲೆಗೆ ವಸ್ತ್ರ ಸುತ್ತಿಕೊಂಡು ಕೊಳಗದಿಂದ ಅಳೆಯಲು ಕೂತರೆ ಯಾರೂ ಮಾತಾಡುವಂತಿರಲಿಲ್ಲ. ಎಣಿಸುವ ಕೆಲಸ ಪಾರ್ವತವ್ವನದು. ಒಂದು ಕೊಳಗ ಚೀಲಕ್ಕೆ ಬಿದ್ದರೆ ಒಂದು ಬೀಜ ಡಬ್ಬಿಗೆ. ಹೊಟ್ಟು ಹಾರಿ ಮೈಯೆಲ್ಲ ನವೆ, ಕೆರೆಯ ಮೇಲಿನಿಂದ ತಣ್ಣನೆಯ ಗಾಳಿ, ಭತ್ತ ಜಾರುವ ಸದ್ದು, ಆಮೇಲೆ ಬೀಜದ ಟಣ್. ಶಂಕ್ರಪ್ಪ ನಡುನಡುವೆ ಓರೆಗಣ್ಣಿನಿಂದ ಡಬ್ಬಿಯ ಕಡೆ ನೋಡುತ್ತಿದ್ದ. ಅವಳ ಎಣಿಕೆ ತಪ್ಪಲಿ ಅಂತ ಕಾಯುತ್ತಿದ್ದನೋ, ಅವಳನ್ನೇ ನೋಡುತ್ತಿದ್ದನೋ, ಕೇಳುವ ಧೈರ್ಯ ಆಗ ಇರಲಿಲ್ಲ. ಕೇಳಬೇಕು ಅನ್ನಿಸುವ ಹೊತ್ತಿಗೆ ಅವನೇ ಇರಲಿಲ್ಲ.

ರಾಶಿಯನ್ನು ಮಾತ್ರ ಅವನು ಎಂದೂ ಪೂರ್ತಿ ಅಳೆದವನಲ್ಲ. ಕಡೆಯ ಒಂದು ಕೊಳಗದಷ್ಟು ಭತ್ತ ಮೇಟಿಯ ಬುಡದಲ್ಲಿ ಉಳಿಯಬೇಕು. ಅದು ಕಣದ ಪಾಲು. ಅದಕ್ಕೆ ಬೀಜ ಹಾಕುವಂತಿಲ್ಲ, ಅದು ಲೆಕ್ಕಕ್ಕೇ ಇಲ್ಲ. ನೆಲ ಗುಡಿಸಿ ಒಯ್ದರೆ ಬರುವ ವರ್ಷ ಕಣ ತುಂಬುವುದಿಲ್ಲ ಎಂದು ಅವನ ಅಪ್ಪ ಹೇಳಿದ್ದ, ಅವನೂ ಹಾಗೇ ನಡೆದುಕೊಂಡು ಬಂದ.

ಈಗ ಮಗ ಸದಾಶಿವ ಮಷೀನು ತರಿಸಿ ಕೊಯ್ಯಿಸುತ್ತಾನೆ. ಬೆಳಿಗ್ಗೆ ಗದ್ದೆಗೆ ಇಳಿದರೆ ಮಧ್ಯಾಹ್ನ ಭತ್ತ ಟ್ರಾಕ್ಟರಿನಲ್ಲಿ. ಕಣವಿದ್ದ ಜಾಗದಲ್ಲಿ ಅನಾನಸು ಬೆಳೆಯುತ್ತದೆ. ಓಣಿಯ ಮಕ್ಕಳು ರಾಶಿ ಕಂಡವರಲ್ಲ. ಹಾಗಾಗಿ ಪುಸ್ತಕದಲ್ಲಿ ಭತ್ತದ ಲೆಕ್ಕ ಬಂತೆಂದರೆ ಪಾರ್ವತವ್ವ ಮೊದಲು ಕಣವನ್ನೇ ಕಟ್ಟುತ್ತಿದ್ದಳು. ಕಟ್ಟೆಯ ಮೇಲೆ ಬೀಜ ಒಟ್ಟಿ ರಾಶಿ, ಪೆನ್ಸಿಲ್ಲು ನಿಲ್ಲಿಸಿ ಮೇಟಿ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ಅಳೆಯುವುದೆಲ್ಲ ಮುಗಿದ ಮೇಲೆ ಒಂದು ಬೀಜ ಪೆನ್ಸಿಲ್ಲಿನ ಬುಡದಲ್ಲಿ ಉಳಿಯುತ್ತಿತ್ತು.

ಅದರ ಫಲ ಏನೆಂದು ತಿಳಿದದ್ದು ಕಳೆದ ಚಳಿಗಾಲದಲ್ಲಿ.

ರಮ್ಯಶ್ರೀ ಐದನೆಯ ತರಗತಿ. ವಸತಿ ಶಾಲೆಯ ಸೀಟಿಗೆ ಪರೀಕ್ಷೆ ಕಟ್ಟಿದ್ದಳು. ಸಿಕ್ಕರೆ ಹತ್ತನೆಯವರೆಗೆ ಊಟ, ಪುಸ್ತಕ, ಓದು ಎಲ್ಲ ಅಲ್ಲೇ. ತಾಯಿ ಕಾವ್ಯಶ್ರೀಗೆ ಏಳನೆಯದಕ್ಕೇ ಶಾಲೆ ಬಿಟ್ಟ ಸಂಕಟ ಇನ್ನೂ ಹೋಗಿರಲಿಲ್ಲ. ಮಗಳಿಗೆ ಆ ಸೀಟು ಸಿಗಲೇಬೇಕು ಎಂದು ಹಟ ಹಿಡಿದಿದ್ದಳು. ಪರೀಕ್ಷೆಗೆ ಎರಡು ವಾರ ಇರುವಾಗ ಒಂದು ಸಂಜೆ, ಶಾಲೆಯ ಶಾಂತಾರಾಮ ಮಾಸ್ತರರು ಕೈಯಲ್ಲೊಂದು ಮಾದರಿ ಪರೀಕ್ಷೆಯ ಹಾಳೆ ಹಿಡಿದು ಕಟ್ಟೆಯ ಹತ್ತಿರ ಬಂದರು. ಅವರು ಕಾನಸೂರಿನ ಕಡೆಯವರು. ಹಿಂದೆಯೇ ಕಾವ್ಯಶ್ರೀ, ಅವಳ ಸೆರಗಿನ ಮರೆಯಲ್ಲಿ ರಮ್ಯಶ್ರೀ.

"ಬರ್ರಿ ಮಾಸ್ತರ, ಕುಂದರ್ರಿ," ಎಂದು ಪಾರ್ವತವ್ವ ಚಾಪೆ ಕೊಡವಿದಳು.

"ಪಾರ್ವತವ್ವ, ನಿಮ್ಮ ಹತ್ತಿರ ಒಂದು ಮಾತು ಕೇಳುವುದಿತ್ತು," ಎಂದು ಮಾಸ್ತರರು ಕೂತರು. "ಈ ಹುಡುಗಿ ಬಸ್ಸಿನ ಲೆಕ್ಕ, ಬಿಸ್ಕತ್ತಿನ ಲೆಕ್ಕ ಎಲ್ಲ ಸರಿ ಮಾಡ್ತಾಳೆ. ಗದ್ದೆ, ಕಣ, ರಾಶಿ ಅಂತ ಬಂತು ಅಂದ್ರೆ ಒಂದು ಕಡಿಮೆ ಬರೀತಾಳೆ. ಹನ್ನೆರಡು ಕ್ವಿಂಟಾಲು ಭತ್ತ, ಚೀಲಕ್ಕೆ ಅರವತ್ತು ಕಿಲೋ, ಎಷ್ಟು ಚೀಲ ಅಂತ ಕೇಳಿದ್ದೆ. ಇಪ್ಪತ್ತು ಬರೀಬೇಕು, ಹತ್ತೊಂಬತ್ತು ಬರೆದಿದ್ದಾಳೆ. ಎಂತಕ್ಕೆ ಹೀಗೆ ಅಂತ ಕೇಳಿದೆ. ಪಾರ್ವತಜ್ಜಿ ಒಂದು ಬಿಡಬೇಕು ಅಂದಾಳ ಅಂದ್ಲು. ಎಂತ ಬಿಡೋದು?"

ಪಾರ್ವತವ್ವ ರಮ್ಯಶ್ರೀಯ ಕಡೆ ನೋಡಿದಳು. "ಒಂದ್ ಚೀಲ ಬಿಟ್ಟ್ಯಾ?"

"ಹೂಂ. ಮೇಟಿ ಬುಡಕ್ಕ."

"ಅಯ್ಯ ನನ್ನವ್ವಾ! ಪೂರಾ ಒಂದ್ ಚೀಲ ಯಾರರ ಬಿಡ್ತಾರೇನ? ನಾ ಹೇಳಿದ್ದು ಒಂದ್ ಕೊಳಗ!"

ಮಾಸ್ತರರು ನಕ್ಕರು. ಕಾವ್ಯಶ್ರೀ ನಗಲಿಲ್ಲ.

"ನಿಮಗ ನಗಿ, ದೊಡ್ಡವ್ವ. ಅಲ್ಲಿ ಒಂದ್ ಮಾರ್ಕಿಗೆ ಸೀಟು ಹೋಗ್ತತಿ. ನಿಮ್ಮ ಕಣ, ನಿಮ್ಮ ಮೇಟಿ ನಿಮ್ಮ ಕಾಲಕ್ಕಾತು. ನಾಳೆಯಿಂದ ಇಕಿ ಇಲ್ಲಿ ಬರೂದು ಬ್ಯಾಡ."

ಹಳೆಯದೊಂದು ಮಧ್ಯಾಹ್ನ ಪಾರ್ವತವ್ವನ ಕಣ್ಣ ಮುಂದೆ ಬಂದು ನಿಂತಿತು. ತವರೂರಿನ ಶಾಲೆ, ತಾನು ಮೂರನೆಯ ಇಯತ್ತೆ. ತಪಾಸಣೆಗೆ ಬಂದ ಸಾಹೇಬರು ಅವಳನ್ನೇ ಎಬ್ಬಿಸಿ ಕೇಳಿದ್ದರು: ಕಣದಲ್ಲಿ ಇಪ್ಪತ್ತು ಕೊಳಗ ಭತ್ತ ಇದೆ, ಚೀಲಕ್ಕೆ ಐದು ಕೊಳಗ, ಎಷ್ಟು ಚೀಲ ತುಂಬುತ್ತದೆ? ತವರಿನಲ್ಲೂ ಕಣದ ಪಾಲು ಬಿಡುತ್ತಿದ್ದರು. "ಮೂರು ತುಂಬತಾವ್ರಿ, ನಾಕನೇದು ತುಂಬೂದಿಲ್ಲ," ಅಂದಿದ್ದಳು. ಇಡೀ ತರಗತಿ ಗೊಳ್ಳೆಂದಿತು. ಸಾಹೇಬರು ಹೋದ ಮೇಲೆ ಅಲ್ಲಿಯ ಮಾಸ್ತರರು ಕಿವಿ ಹಿಂಡಿದರು. ಯಾಕೆ ತುಂಬುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಆ ವರ್ಷವೇ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ಮನೆಯಲ್ಲಿ ಉಳಿದವಳು ಮತ್ತೆ ಶಾಲೆಗೆ ಹೋಗಲಿಲ್ಲ. ಆ ಸಾಹೇಬರಿಗೆ ಕಣದ ರೀತಿ ಗೊತ್ತಿರಲಿಲ್ಲ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

ಈ ಮಾಸ್ತರರು ಮಾತ್ರ ಎಂತಕ್ಕೆ ಎಂದು ಕೇಳಿಕೊಂಡು ಮನೆಯವರೆಗೆ ಬಂದಿದ್ದರು.

"ತಪ್ಪು ನಂದ ಐತಿ ಮಾಸ್ತರ," ಎಂದಳು. "ಹುಡುಗೀನ ಬೈಬ್ಯಾಡ್ರಿ."

"ಬೈಯೋದು ಎಂತಕ್ಕೆ? ಲೆಕ್ಕವನ್ನ ಇಷ್ಟು ಕಣ್ಣಿಗೆ ಕಟ್ಟಿದ ಹಾಗೆ ಓದೋದು ನಮ್ಮ ಶಾಲೆಯಲ್ಲಿ ಇವಳೊಬ್ಬಳೇ," ಎಂದು ಮಾಸ್ತರರು ಕಾವ್ಯಶ್ರೀಯ ಕಡೆ ತಿರುಗಿದರು. "ಬಿಡಿಸಬೇಡಿ ತಂಗಿ. ಕಲಿಸಿದವರೇ ಇದನ್ನ ತಿದ್ದಲಿ. ಒಂದು ವಾರ ನೋಡುವ."

ಮರುದಿನ ಕಾವ್ಯಶ್ರೀ ಮಗಳನ್ನು ಕಳಿಸಿದಳು, ತಾನೂ ಬಂದು ಕಟ್ಟೆಯ ಕೆಳಗೆ ಶುಂಠಿ ಬಿಡಿಸುತ್ತಾ ಕೂತಳು.

ತಿದ್ದುವುದು ಅಂದುಕೊಂಡಷ್ಟು ಸಲೀಸಾಗಲಿಲ್ಲ. "ಪುಸ್ತಕದಾಗ ಕಣದ ಪಾಲು ಇಲ್ಲವ್ವ, ಎಲ್ಲಾ ಎಣಸು," ಎಂದರೆ ರಮ್ಯಶ್ರೀ ತಲೆಯಾಡಿಸುತ್ತಾಳೆ. ಬೀಜ ಎಣಿಸುತ್ತಾ ಕಡೆಗೆ ಬಂದಾಗ ಕೈ ನಿಲ್ಲುತ್ತದೆ.

"ಅಜ್ಜಿ, ಹಂಗಾರ ಪುಸ್ತಕದಾಗಿನ ರೈತ ಕಣ ಗುಡಿಸಿ ಒಯ್ದಾ? ಬರೂ ವರ್ಷ ಅವಗ ಏನ್ ಗತಿ?"

ಕೆಳಗೆ ಕೂತ ಕಾವ್ಯಶ್ರೀ, "ಅವನ ಗತಿ ಕಟಗೊಂಡು ನಿನಗೇನ್ ಆಗಬೇಕಾಗೇತಿ! ಉತ್ತರ ಬರಿ," ಎಂದು ಗದರಿದಳು. ಹುಡುಗಿ ಹೆದರಿ ಪೂರ್ತಿ ಎಣಿಸಿದಳು. ಮುಂದಿನ ಲೆಕ್ಕದಲ್ಲಿ ಹೊಸ ಫಜೀತಿ. ಅದರಲ್ಲಿ ರೈತ ಹತ್ತು ಕಿಲೋ ಬಿತ್ತನೆ ಬೀಜಕ್ಕೆ ಇಟ್ಟ ಎಂದು ಬರೆದೇ ಇತ್ತು. ರಮ್ಯಶ್ರೀ ಅದನ್ನೂ ಕಳೆಯಲಿಲ್ಲ. "ಏನೂ ಬಿಡಬ್ಯಾಡ ಅಂದಿಯಲ್ಲ ಅಜ್ಜಿ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಪಾರ್ವತವ್ವ ಎರಡು ದಿನ ಅದನ್ನೇ ಯೋಚಿಸಿದಳು. ಅಕ್ಕಿ ಆರಿಸುವಾಗ ಅದೇ, ದನಕ್ಕೆ ನೀರು ಇಡುವಾಗ ಅದೇ. "ಅತ್ತಿ, ಆ ಅಕ್ಕಿ ಎಷ್ಟ್ ಸರ್ತಿ ಆರಸ್ತೀರಿ? ಕಲ್ಲಿಲ್ಲಂತ ಅಕ್ಕೀನ ಒಗೀಲಿಕ್ಕತ್ತೀರಿ," ಎಂದು ಸೊಸೆ ಶಿವರಂಜನಿ ನಕ್ಕಳು. ಪಾರ್ವತವ್ವ ಮೊರ ಕೆಳಗಿಟ್ಟಳು. ಶಂಕ್ರಪ್ಪ ಕೊಳಗ ಹಿಡಿದು ಕೂರುತ್ತಿದ್ದದ್ದು, ಓರೆಗಣ್ಣು, ಬೀಜದ ಸದ್ದು, ಎಲ್ಲವನ್ನೂ ಮೊದಲಿನಿಂದ ನೆನೆದಳು. ಮನೆಗೆ ಬಂದ ಮೇಲೆ ಮಾವ ಕೇಳುತ್ತಿದ್ದರು, ಎಷ್ಟಾತು? ಅವಳು ಬೀಜ ಎಣಿಸಿ ಹೇಳುತ್ತಿದ್ದಳು. ಆ ಎಣಿಕೆಯಲ್ಲಿ ಕಣದ ಪಾಲು ಯಾವತ್ತೂ ಇರಲಿಲ್ಲ. ಅದು ಆಗಲೇ ಹಿಂದೆ ಉಳಿದು ಬಂದದ್ದು.

ಅವತ್ತು ಸಂಜೆ ರಮ್ಯಶ್ರೀ ಪುಸ್ತಕ ತೆಗೆಯುವ ಮೊದಲೇ ಪಾರ್ವತವ್ವ ಡಬ್ಬಿಯಿಂದ ಒಂದು ಬೀಜ ತೆಗೆದು ಕಟ್ಟೆಯ ಮೂಲೆಗೆ ಇಟ್ಟಳು.

"ಇದು ಕಣದ ಪಾಲು. ಪುಸ್ತಕದಾಗಿನ ರೈತ ಕಣದಾಗ ನಿಂತು ಲೆಕ್ಕ ಹೇಳೂದಿಲ್ಲವ್ವ. ಪಾಲು ಬಿಟ್ಟು, ಮನಿಗೆ ಬಂದು, ಕಾಲು ತೊಳಕೊಂಡು ಆಮ್ಯಾಲೆ ಹೇಳ್ತಾನ. ಅವ ಹೇಳಿದ್ದೆಲ್ಲಾ ಮನಿಗೆ ಬಂದ ಭತ್ತ. ಇನ್ನ ಅದರಾಗ ನೀ ಕೈ ಹಾಕಬ್ಯಾಡ. ಅವನೇ ಬಾಯಿಬಿಟ್ಟು ಇಷ್ಟು ತಗದಿಟ್ಟೆ ಅಂದ್ರ ಮಾತ್ರ ತಗೀ."

ರಮ್ಯಶ್ರೀ ಮೂಲೆಯ ಬೀಜವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಪುಸ್ತಕ ತೆರೆದಳು. ಆ ಸಂಜೆ ಅವಳ ಕೈ ಎಲ್ಲಿಯೂ ನಿಲ್ಲಲಿಲ್ಲ. ಕಾವ್ಯಶ್ರೀ ಶುಂಠಿಯ ಬುಟ್ಟಿ ಎತ್ತಿಕೊಂಡು ಹೋಗುವಾಗ, "ನಾಳೆ ನಂಗ ಕೆಲಸ ಐತಿ ದೊಡ್ಡವ್ವ, ಇಕಿ ಒಬ್ಬಾಕಿನ ಬರ್ತಾಳ," ಎಂದಳು.

ಪರೀಕ್ಷೆಯ ಭಾನುವಾರ ಸುನೀಲ ತನ್ನ ಅನಾನಸಿನ ಟೆಂಪೋದಲ್ಲೇ ಮಗಳನ್ನು ಶಿರಸಿಗೆ ಕರೆದುಕೊಂಡು ಹೋದ. ಪಾರ್ವತವ್ವ ಬೆಳಗಿನಿಂದ ಕಟ್ಟೆಗೂ ಒಳಕ್ಕೂ ಓಡಾಡಿದಳು. ಮಧ್ಯಾಹ್ನದ ಬಿಸಿಲು ಇಳಿಯುವಾಗ ಟೆಂಪೋ ಬಂದು ನಿಂತಿತು. ರಮ್ಯಶ್ರೀ ಮನೆಗೆ ಹೋಗದೆ ನೇರ ಇಲ್ಲಿಗೇ ಓಡಿಬಂದಳು.

"ಅಜ್ಜಿ, ಭತ್ತದ ಲೆಕ್ಕ ಬಂದಿತ್ತು! ಒಬ್ಬ ರೈತ ಎಂಟುನೂರ ಐವತ್ತು ಕಿಲೋ ಭತ್ತ ಬೆಳೆದ. ಐವತ್ತು ಕಿಲೋ ಬೀಜಕ್ಕ ಇಟ್ಟ. ಉಳದದ್ದನ್ನ ನಲವತ್ತು ಕಿಲೋದ ಚೀಲದಾಗ ತುಂಬಿದ. ಎಷ್ಟು ಚೀಲ?"

"ನೀ ಎಷ್ಟ ಬರದಿ?"

"ಮೊದ್ಲ ನೀ ಮಾಡು."

ಪಾರ್ವತವ್ವ ಹತ್ತು ಕಿಲೋಗೆ ಒಂದು ಹುಣಸೆಬೀಜದಂತೆ ಎಣಿಸಿ ಇಟ್ಟಳು. ಅವಸರ ಅವಳ ಜಾಯಮಾನವೇ ಅಲ್ಲ. ಬೀಜಕ್ಕೆ ಇಟ್ಟದ್ದನ್ನು ಬೇರೆ ಸರಿಸಿದಳು. ಉಳಿದದ್ದನ್ನು ನಾಲ್ಕು ನಾಲ್ಕರ ಗುಂಪು ಮಾಡುತ್ತಾ ಹೋದಳು. ಕಾವ್ಯಶ್ರೀ ಬಂದು ಬಾಗಿಲ ಹತ್ತಿರ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಗುಂಪುಗಳನ್ನು ಬೆರಳಿಟ್ಟು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು.

"ಇಪ್ಪತ್ತು."

"ನಂದೂ ಇಪ್ಪತ್ತು!" ಎಂದು ಹುಡುಗಿ ಕುಣಿದಳು. ಬಾಗಿಲ ಹತ್ತಿರ ನಿಂತಿದ್ದ ಕಾವ್ಯಶ್ರೀ ಬಂದು ಕಟ್ಟೆಯ ಮೇಲೆ ಕೂತಳು.

ಪಾರ್ವತವ್ವ ಬೀಜಗಳನ್ನು ಬಾಚಿ ಡಬ್ಬಿಗೆ ಹಾಕತೊಡಗಿದಾಗ ರಮ್ಯಶ್ರೀ ಹತ್ತಿರ ಸರಿದು, "ಡಬ್ಬಿಯಾಗ ಒಂದು ಕಡಿಮಿ ಐತಿ ಅಜ್ಜಿ," ಎಂದಳು. "ನಿನ್ನೆ ಕಂಪಾಸು ಪೆಟ್ಟಿಗೆಯಾಗ ಹಾಕ್ಕೊಂಡು ಒಯ್ದಿದ್ದೆ. ಪೇಪರು ಕೊಡೂಕಿಂತ ಮೊದ್ಲ ಬೆಂಚಿನ ಮೂಲಿಗೆ ಇಟ್ಟೆ."

"ಎಲ್ಲೈತಿ ಈಗ?"

"ಅಲ್ಲೇ ಬಿಟ್ಟು ಬಂದೆ. ಪಾಲು ವಾಪಸ್ ತರಬಾರದಲ್ಲ."

ಪಾರ್ವತವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಓಣಿಯ ಇನ್ನೊಂದು ಮಗು ಪುಸ್ತಕ ಹಿಡಿದು ಕಟ್ಟೆ ಹತ್ತಿತು. ಅವಳು ಡಬ್ಬಿಯಿಂದ ಒಂದು ಬೀಜ ತೆಗೆದು ಮೂಲೆಗೆ ಇಟ್ಟು, "ಹೂಂ, ಓದು," ಎಂದಳು.