ಎರ್ರಪ್ಪ ತುಂಬಿಸಿದ ಬಾವಿ

ನಗರಗೆರೆಯ ಎರ್ರಪ್ಪನ ಎದುರು ಗುಂಡಿ ಮುಚ್ಚುವ ಮಾತೆತ್ತಿದರೆ ಕೆಟ್ಟಿರಿ! ದೂರದ ಚಿನ್ನದ ಗಣಿಯಲ್ಲಿ, ನೆಲದಿಂದ ಮುಕ್ಕಾಲು ಕಿಲೋಮೀಟರು ಕೆಳಗೆ, ಇಪ್ಪತ್ತೆಂಟು ವರ್ಷ ಅವನು ಮಾಡಿದ್ದು ಅದೊಂದೇ ಕೆಲಸ. ಚಿನ್ನ ತೆಗೆದ ಮೇಲೆ ಉಳಿದ ಮರಳನ್ನು ನೀರಲ್ಲಿ ಕಲಸಿ ಮೇಲಿನಿಂದ ಪೈಪಿನಲ್ಲಿ ಬಿಡುತ್ತಿದ್ದರು. ಅಗೆದು ಖಾಲಿಯಾದ ಪೊಳ್ಳಿನ ಬಾಯಿಗೆ ಎರ್ರಪ್ಪ ಹಲಗೆ ಕಟ್ಟಿ, ಗೋಣಿ ಹೊದಿಸಿ ಕಾಯುತ್ತಿದ್ದ. ನೀರು ಸೋರಿಹೋಗಬೇಕು, ಮರಳು ಗಟ್ಟಿಯಾಗಿ ಕೂರಬೇಕು, ಮೇಲಿನ ಬಂಡೆ ಕುಸಿಯಬಾರದು. ಹಬ್ಬಕ್ಕೆ ಊರಿಗೆ ಬಂದಾಗಲೂ ಇದೇ ಪುರಾಣ.

ನಿವೃತ್ತನಾಗಿ ಬಂದಾಗ ಹೆಂಡತಿ ಅಕ್ಕಯಮ್ಮ ಕೇಳಿದ್ದು ಒಂದೇ: ಯುಗಾದಿಯೊಳಗೆ ಸ್ವಂತ ಮನೆ. ಮದುವೆಯಾದಾಗಿನಿಂದ ಮೈದುನನ ಮನೆಯ ಪಡಸಾಲೆಯಲ್ಲೇ ಸಂಸಾರ ಮಾಡಿದವಳು. ಇದ್ದ ಸೈಟಿನ ನಡುವೆ ಬತ್ತಿದ ಬಾವಿ. ಜೆಸಿಬಿಯವನು ಅರ್ಧ ದಿನದಲ್ಲಿ ಮಣ್ಣು ತಳ್ಳಿ ಮುಚ್ಚುತ್ತೇನೆಂದ.

"ಮಣ್ಣು ತಳ್ಳಿದ್ರೆ ನಾಳೆ ಗೋಡೆ ಕೂತ್ಕೊತದೆ ಕಣಪ್ಪ. ಇದಕ್ಕೆ ವಿದ್ಯೆ ಬೇಕು," ಎಂದು ಎರ್ರಪ್ಪ ಅವನನ್ನು ಸಾಗಹಾಕಿದ.

ಚಿಕ್ಕಬಳ್ಳಾಪುರದ ಕಡೆಯ ಕ್ರಷರಿನಿಂದ ಎಂಟು ಲೋಡು ಕಲ್ಲುಪುಡಿ ಬಂತು. ತೂತು ಕೊರೆದ ಪೈಪಿಗೆ ಗೋಣಿ ಸುತ್ತಿ ಬಾವಿಯ ನಡುವೆ ನಿಲ್ಲಿಸಿದ. ಅದರೊಳಗೆ ಸೋರಿದ ನೀರನ್ನು ಮೋಟಾರು ಎಳೆಯಬೇಕು. ಗಣಿಯ ಪದ್ಧತಿಯಂತೆ ಬಗ್ಗಿ ಮೂರು ಸಲ "ಒಳಗೆ ಯಾರಾದ್ರೂ ಇದೀರೇನ್ರೋ?" ಎಂದು ಕೂಗಿದ ಮೇಲೇ, ಟ್ಯಾಂಕರ್ ನೀರಲ್ಲಿ ಪುಡಿ ಕಲಸಿ ಸುರಿಸಿದ. ಊರವರು ಬಿದ್ದು ಬಿದ್ದು ನಕ್ಕರು.

ಯುಗಾದಿ ಬಂತು, ಹೋಯಿತು. ಬಾವಿಯಲ್ಲಿದ್ದದ್ದು ಅಂಬಲಿ. ಕೋಲು ಸಲೀಸಾಗಿ ಇಳಿಯುತ್ತಿತ್ತು, ಮೋಟಾರು ಒಂದು ಲೋಟ ನೀರೂ ಎಳೆಯಲಿಲ್ಲ. ಅದೇ ಗಣಿಯಲ್ಲಿ, ನೆಲದ ಮೇಲೆ ಅದಿರು ಅರೆಯುವ ಗಿರಣಿಯಲ್ಲಿ ದುಡಿದಿದ್ದ ಚಿಂತಾಮಣಿಯ ಕೋನಪ್ಪನನ್ನು ಕರೆಸಿದರು. ಅವನು ಚಿಟಿಕೆ ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡಿ ತಲೆ ಚಚ್ಚಿಕೊಂಡ.

"ಅಯ್ಯೋ ನಾಯನಾ, ಸಣ್ಣ ಧೂಳು ತೆಗೀದೇ ಹಾಕಿದೀಯಲ್ಲೋ! ಗೋಣಿ ತೂತೆಲ್ಲ ಕಟ್ಕೊಳ್ದೆ ಇನ್ನೇನು? ನಾವು ಅದನ್ನೆಲ್ಲ ಮೇಲೇ ತೊಳೆದು ತೆಗೆದು ಬರೀ ಮರಳು ಕಳಿಸ್ತಿದ್ವಿ. ಗೊತ್ತಿರ್ಲಿಲ್ವಾ? ಇದು ಆರೋಕೆ ಎರಡು ವರ್ಷ ಬೇಕು."

"ಅದು ಮೇಲಿನವರ ಡ್ಯೂಟಿ. ನಾನ್ಯಾಕೆ ನೋಡ್ಲಿ?" ಎಂದ ಎರ್ರಪ್ಪನ ದನಿ ಉಡುಗಿತ್ತು. ತನ್ನ ವಿದ್ಯೆಯಲ್ಲಿ ಅರ್ಧ ಬೇರೆಯವರದ್ದೆಂದು ಗೊತ್ತಾಗಿ ಅವನಿಗೆ ನಾಚಿಕೆಯಾಯಿತು.

ಕೋನಪ್ಪ ಹೋದ ಮೇಲೆ ಅಕ್ಕಯಮ್ಮ ಬೈಯುತ್ತಾಳೆಂದು ಕಾದ. ಅವಳು ಬಾವಿಕಟ್ಟೆಯ ಮೇಲೆ ಕೂತು ನಕ್ಕುಬಿಟ್ಟಳು.

"ನಾನೂ ಆ ಮೇಲಿನವರ ಹಂಗೇ ತಾನೆ ಮಾಡಿದ್ದು? ಮಗಳು ತನುಜಂಗೆ ಟೈಫಾಯ್ಡ್ ಬಂದಿದ್ದು, ನಿಮ್ಮಮ್ಮ ಜಾರಿಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದು, ಎಲ್ಲ ತೆಗೆದಿಟ್ಟು, ಚೆನ್ನಾಗಿದೀವಿ ಅಂತ ಅಷ್ಟೇ ಫೋನಲ್ಲಿ ಹೇಳ್ತಿದ್ದೆ. ಕೆಳಗೆ ಇಳಿಯೋನು ನೆಮ್ಮದಿಯಾಗಿ ಇಳೀಲಿ ಅಂತ."

ಎರ್ರಪ್ಪ ಅವಳ ಪಕ್ಕ ಕೂತ. ಮೆಲ್ಲಗೆ ಕೇಳಿದ, "ಇನ್ನೂ ಏನೇನು ತೆಗೆದಿಟ್ಟಿದ್ದೆ?"

"ಬಾವಿ ಆರೋಕೆ ಎರಡು ವರ್ಷ ಅಂದ್ನಲ್ಲ ಕೋನಪ್ಪ," ಎಂದಳು ಅಕ್ಕಯಮ್ಮ. "ಹೇಳಿ ಮುಗಿಸೋಕೆ ಅಷ್ಟು ಸಾಲುತ್ತೋ ಇಲ್ವೋ."