ಕೈರಂಪಣಿ ಹಗ್ಗಕ್ಕೆ ನಾನು ಕೇಳಿದ ಎರಡು ಪಾಲು

ಕಳೆದ ವರ್ಷ ಮಳೆಗಾಲ ಮುಗಿದು ಕಾಪು ಕಡಲಿನಲ್ಲಿ ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಿಂದಲೇ ಎಳೆಯುವ ದೊಡ್ಡ ಬಲೆ, ಎಳೆಯಲು ಶುರುವಾದ ಸಮಯ. ಉಡುಪಿಯಲ್ಲಿ ನನ್ನದೊಂದು ಹಳೆ ಸಾಮಾನಿನ ಅಂಗಡಿಯಿದೆ. ಮಣಿಪಾಲದ ಫ್ಲ್ಯಾಟುಗಳಲ್ಲಿ ಬಟ್ಟೆ ಒಣಗಿಸಲು ಉಪಯೋಗವಾಗುತ್ತಿರುವ ವ್ಯಾಯಾಮದ ಸೈಕಲ್ಲುಗಳನ್ನು ಚೌಕಾಸಿ ಮಾಡಿ ತಂದು, ಎಣ್ಣೆ ಹಾಕಿ ಮಾರುತ್ತೇನೆ. ಗುಜರಿ ಹೆಕ್ಕಿ ಮೇಲೆ ಬಂದವನು. ಹೇಳಿದ ದರಕ್ಕೆ ಏನನ್ನೂ ಒಪ್ಪಿದವನಲ್ಲ.

ಸಕ್ಕರೆ ಅಂಶ ಏರಿದಾಗ ಡಾಕ್ಟರರ ಜೊತೆಗೂ ಚೌಕಾಸಿ ಮಾಡಿದೆ. ದಿನವೂ ಬಿರುಸಾಗಿ ನಡೆಯಬೇಕು, ಜೊತೆಗೆ ಬಸ್ಕಿ ಹೊಡೆಯಬೇಕು ಎಂದರು ಅವರು. "ಎರಡರಲ್ಲಿ ಒಂದು ಸಾಕಲ್ವಾ ಡಾಕ್ಟ್ರೇ?" ಎಂದೆ. "ವ್ಯಾಪಾರ ಅಂಗಡಿಯಲ್ಲಿ ಮಾಡಿ" ಎಂದು ನಕ್ಕರು. ನಾನು ಬಸ್ಕಿಯನ್ನಷ್ಟೇ ಇಟ್ಟುಕೊಂಡೆ. ಅದಕ್ಕೆ ಅಂಗಡಿ ಬಿಟ್ಟು ಹೋಗಬೇಕಾಗಿಲ್ಲ, ಗಿರಾಕಿ ಬಂದರೆ ನಿಲ್ಲಿಸಬಹುದು. ಮಾರಾಟವಾಗದ ಡಂಬೆಲ್ ಹಿಡಿದು ಕುಳಿತು ಏಳುತ್ತಿದ್ದೆ. ತೊಡೆ ಕಲ್ಲಿನಂತಾಯಿತು. ಹೆಂಡತಿ ಜಲಜ ನಡಿಗೆ ಹಿಡಿದಳು. "ನಡೆದರೆ ಸವೆಯುವುದು ಚಪ್ಪಲಿ ಮಾತ್ರ" ಎಂದು ನಾನು ಛೇಡಿಸಿದರೆ, "ಕಾರ್ಕಳದ ಗೊಮ್ಮಟಬೆಟ್ಟ ಹತ್ತುವಾಗ ನೋಡುವ" ಎನ್ನುತ್ತಿದ್ದಳು.

ಒಂದು ಭಾನುವಾರ ಕಾಪುವಿನಲ್ಲಿರುವ ಅವಳ ತವರಿಗೆ ಹೋಗಿದ್ದೆವು. ಅವಳ ತಮ್ಮ ಸುಧಾಕರ ಕೈರಂಪಣಿ ತಂಡದ ಮುಖ್ಯಸ್ಥ. ಅಂದು ಊರಲ್ಲಿ ಮದುವೆಯಿದ್ದು ಜನ ಕಡಿಮೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಕೊಡುವುದು ಅಲ್ಲಿನ ಪದ್ಧತಿ. ನಾನು ಲುಂಗಿ ಎತ್ತಿ ಕಟ್ಟಿದೆ.

"ಕಾಲು ನೋಡು ಮಾರಾಯ, ಇಬ್ಬರ ಕೆಲಸ ಮಾಡ್ತೇನೆ. ಎರಡು ಪಾಲು ಕೊಡಬೇಕು."

"ಮೊದಲು ಎಳೆಯಿರಿ ಬಾವ" ಎಂದ ಸುಧಾಕರ.

ದೋಣಿಯವರು ಬಲೆಯನ್ನು ಅರ್ಧ ವೃತ್ತವಾಗಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ಕೊಟ್ಟಿದ್ದರು. ನೀರಿನ ಅಂಚಿನಲ್ಲಿ ಹಗ್ಗ ಹಿಡಿದು ಹಿಂದಕ್ಕೆ ನಡೆಯಬೇಕು. ದಡದ ಮೇಲ್ಭಾಗ ತಲುಪಿದ ಕೂಡಲೇ ಬಿಟ್ಟು, ಓಡಿ ಬಂದು ಮತ್ತೆ ಅಂಚಿನಲ್ಲಿ ಹಿಡಿಯಬೇಕು. ಎರಡೂ ಕಡೆ ಸಮನಾಗಿ ಬರಬೇಕು. ಒಂದು ಕಡೆ ಸಡಿಲವಾದರೆ ಬಲೆ ಓರೆಯಾಗಿ ಮೀನು ಜಾರಿಹೋಗುತ್ತದೆ. ಕೆಲವು ದಿನಗಳಿಂದ ಬರಿಗೈಯಲ್ಲಿ ಹೋಗುತ್ತಿದ್ದವರಿಗೆ ಅಂದು ಬಂಗುಡೆಯ ದೊಡ್ಡ ಹಿಂಡೇ ಸಿಕ್ಕಿತ್ತು.

ಮೊದಮೊದಲು ನಾನೇ ಜೋರು. ಆಮೇಲೆ ಉಸಿರು ಕಟ್ಟತೊಡಗಿತು. ಕಾಲು ಸೋತಿರಲಿಲ್ಲ, ಆದರೆ ಮರಳಿನಲ್ಲಿ ಓಡಿ ಬರುವಾಗ ಎದೆ ತಿದಿಯ ಹಾಗೆ ಆಡುತ್ತಿತ್ತು. ನನ್ನ ಜಾಗ ಖಾಲಿಯೇ ಉಳಿಯಿತು. "ಆ ಕಡೆ ಸಡಿಲ ಆಯ್ತು!" ಎಂದು ಆಚೆಯ ಸಾಲಿನವರು ಬೊಬ್ಬೆ ಹಾಕಿದರು.

"ಬಾವ, ಕಾಲು ಉಂಟು, ಉಸಿರು ಎಲ್ಲಿ ಬಿಟ್ಟು ಬಂದದ್ದು? ಅಂಗಡಿಯಲ್ಲಾ?" ಎಂದ ಸುಧಾಕರ. ಎಲ್ಲರೂ ನಕ್ಕರು. ಅವನ ಕಣ್ಣು ಮಾತ್ರ ಬಲೆಯ ಮೇಲೆಯೇ ಇತ್ತು. ನನ್ನಿಂದ ಇವರ ಮೀನು ಹೋಗುತ್ತದಲ್ಲ ಎಂದು ಬದಿಗೆ ಸರಿದು ನಿಂತೆ.

ಜಲಜ ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ನನ್ನ ಜಾಗಕ್ಕೆ ಬಂದಳು. ಓಡಿ ಬಂದು ಹಿಡಿಯುವುದು, ಹಿಂದೆ ನಡೆಯುವುದು, ಏದುಸಿರೇ ಇಲ್ಲ! ಆದರೆ ತೆರೆ ಹಿಂದೆ ಸರಿದು ಬಲೆಯನ್ನು ಎಳೆದಾಗ ಅವಳ ಕಾಲು ಜಾರಿ ನೀರಿನ ಕಡೆಗೇ ಹೋಗುತ್ತಿತ್ತು. ಅಷ್ಟರಲ್ಲಿ ನನ್ನ ಉಸಿರು ಹದಕ್ಕೆ ಬಂದಿತ್ತು.

"ಸುಧಾಕರ, ನನ್ನನ್ನು ಓಡಿಸಬೇಡ. ಅಂಚಿನಲ್ಲೇ ನಿಲ್ಲಿಸು" ಎಂದೆ.

ಹಿಮ್ಮಡಿಯನ್ನು ಮರಳಿಗೆ ಒತ್ತಿ, ಅರ್ಧ ಬಸ್ಕಿಯಲ್ಲಿ ಕುಳಿತಂತೆ ನಿಂತೆ. ತೆರೆ ಎಳೆಯುವಾಗ ನಾನು ಹಗ್ಗವನ್ನು ತಡೆದು ಹಿಡಿಯುವುದು, ತೆರೆ ದಡಕ್ಕೆ ಬರುವಾಗ ಜಲಜ ಮತ್ತು ಉಳಿದವರು ಎಳೆದುಕೊಂಡು ನಡೆಯುವುದು. ಬಲೆ ನೇರವಾಯಿತು. ಕೊನೆಗೆ ಮರಳಿನ ಮೇಲೆ ಬಂಗುಡೆ ಪಟಪಟ ಹಾರಿದಾಗ ನನ್ನ ತೊಡೆ ನಡುಗುತ್ತಿತ್ತು, ಮುಖದಲ್ಲಿ ನಗುವಿತ್ತು.

ಸುಧಾಕರ ನಮ್ಮ ಮುಂದೆ ಒಂದು ಪಾಲು ತಂದಿಟ್ಟ. ನಾನು ಬಾಯಿ ತೆರೆಯುವ ಮೊದಲೇ, "ನಿಮ್ಮ ಕಾಲು, ಅಕ್ಕನ ಉಸಿರು. ಎರಡೂ ಸೇರಿ ಒಂದು ಆಳು ಆಯ್ತು ಬಾವ" ಎಂದ. ಜೀವನದಲ್ಲಿ ಮೊದಲ ಬಾರಿ ಚೌಕಾಸಿ ಮಾಡದೆ ತೆಗೆದುಕೊಂಡೆ.

ಕಾಲಿಗೆ ಯಾವ ವ್ಯಾಯಾಮ ಒಳ್ಳೆಯದು ಎಂದು ಗಿರಾಕಿಗಳು ಕೇಳಿದರೆ ಈಗ ಹೇಳುವುದಿಷ್ಟು: ಬಸ್ಕಿಯಿಂದ ಬಲ ಬರುತ್ತದೆ, ನಡಿಗೆ, ಸೈಕಲ್ಲು, ಮೆಟ್ಟಿಲಿನಿಂದ ಉಸಿರು ಬರುತ್ತದೆ. ಒಂದನ್ನು ಕೊಂಡರೆ ಇನ್ನೊಂದು ಪುಕ್ಕಟೆ ಸಿಗುವುದಿಲ್ಲ. ಬೆಳಿಗ್ಗೆ ನಾನು ಜಲಜಳ ಜೊತೆ ನಡೆಯುತ್ತೇನೆ, ಬಂದ ಮೇಲೆ ಅವಳು ನನ್ನ ಜೊತೆ ಬಸ್ಕಿ ಹೊಡೆಯುತ್ತಾಳೆ. ಈ ವರ್ಷ ಬಲೆ ಬೀಳಲಿ, ಸುಧಾಕರನ ಹತ್ತಿರ ಎರಡು ಪಾಲು ಕೇಳಿಯೇ ಕೇಳುತ್ತೇನೆ.