ಹಿಲ್ಡಾ ಪ್ರೌಟಳ ನಿಲ್ಲದ ಲೆಕ್ಕ

೧೯೩೦ರ ದಶಕ. ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಕೂತು ಲೆಕ್ಕ ಮಾಡುವ ಮನುಷ್ಯರು. ಕೇಂಬ್ರಿಜ್‌ನ ಹಿಲ್ಡಾ ಪ್ರೌಟ್ ಅಂಥವರಲ್ಲಿ ಒಬ್ಬಳು. ಚೌಕುಳಿ ಹಾಳೆ, ಪೆನ್ಸಿಲ್, ಮೇಲಿನವರು ಬರೆದುಕೊಟ್ಟ ಕ್ರಮ. ಚೌಕುಳಿಯ ಒಂದು ಮನೆ ನೋಡು, ಬರೆ, ಮುಂದಿನ ಮನೆಗೆ ಹೋಗು. ಸ್ವಂತ ತಲೆ ಓಡಿಸಿದರೆ ಬೈಗುಳ. ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ, ಒಬ್ಬರನ್ನೊಬ್ಬರು ಕೇಳದೆ ಮಾಡಬೇಕು. ವಾರದ ಕೊನೆಗೆ ಎರಡೂ ಹಾಳೆ ಒಟ್ಟಿಗೆ ತೆರೆದು ತಾಳೆ ನೋಡುವುದು ಕಚೇರಿಯ ಪದ್ಧತಿ. ಹಿಲ್ಡಾಳ ಜೋಡಿ ಆಲ್ನಟ್; ಹೆಂಡತಿಯನ್ನು ಕಳೆದುಕೊಂಡವನು, ಸದಾ ಪೆಪ್ಪರ್‌ಮಿಂಟ್ ಚೀಪುವ ಸಜ್ಜನ.

ಹಿಲ್ಡಾಳ ಗಂಡ ಸಿಡ್ನಿ ಮೊದಲ ಮಹಾಯುದ್ಧಕ್ಕೆ ಹೋಗಿ ಕಾಣೆಯಾಗಿದ್ದ. ಸತ್ತನೆಂದೇ ಲೆಕ್ಕ ಹಿಡಿದು ಸರ್ಕಾರ ಪಿಂಚಣಿ ಕೊಟ್ಟಿತು, ಹಿಲ್ಡಾ ಮಾತ್ರ ಹಾಗೆ ಲೆಕ್ಕ ಹಿಡಿಯಲಿಲ್ಲ. ಬಾಗಿಲ ಪಕ್ಕದ ಗೂಟದಲ್ಲಿ ಅವನ ಕೋಟು ಇಪ್ಪತ್ತು ವರ್ಷದಿಂದ ನೇತಾಡುತ್ತಿತ್ತು. ಆ ಗೂಟವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ತರ್ಕಶಾಸ್ತ್ರದ ಮೇಷ್ಟ್ರು ಡೆನಮ್ ಕೂಡ ತನ್ನ ಒದ್ದೆ ಕೋಟನ್ನು ಕುರ್ಚಿಯ ಮೇಲೆಯೇ ಹರವಬೇಕು.

ಪ್ರತಿ ಕ್ರಿಸ್‌ಮಸ್‌ಗೂ ಆಲ್ನಟ್ ಕೇಳುತ್ತಿದ್ದ, "ಈ ವರ್ಷವಾದ್ರೂ ಮದುವೆಗೆ ಒಪ್ತೀರಾ, ಮಿಸೆಸ್ ಪ್ರೌಟ್?"

"ಇನ್ನೊಂದು ವರ್ಷ ನೋಡೋಣ, ಮಿಸ್ಟರ್ ಆಲ್ನಟ್."

ಅವನೆಂದರೆ ಅವಳಿಗೆ ಇಷ್ಟವಿರಲಿಲ್ಲವೇ? ಇತ್ತು. ಸಂಕಟವೇ ಅದು.

ಆ ಶರತ್ಕಾಲದಲ್ಲಿ ಒಂದು ಲೆಕ್ಕ ಬಂತು. 'ಒಂದರ ಕೆಳಗೊಂದು ಎರಡು ಸಾಲಲ್ಲಿ ಒಂದೇ ಉತ್ತರ ಬಂದೊಡನೆ ನಿಲ್ಲಿಸಿ' ಎಂದಿತ್ತು ಕ್ರಮ. ಅದನ್ನು ನಕಲು ಮಾಡಿದವರು ಕಳೆಯುವ ಕಡೆ ಕೂಡಿಸಿ ಎಂದು ಬರೆದುಬಿಟ್ಟಿದ್ದರು. ಉತ್ತರ ಒಂದು ಕಡೆ ನಿಲ್ಲದೆ ಕಪ್ಪೆಯಂತೆ ಅತ್ತಿಂದಿತ್ತ ಕುಪ್ಪಳಿಸಿತು. ಹಿಲ್ಡಾ ವಾರವಿಡೀ ಹಾಳೆ ತುಂಬಿಸಿದಳು.

ಹಾಳೆಗಳನ್ನು ತೆರೆದ ಮೇಲ್ವಿಚಾರಕಿ ಮಿಸ್ ಗೇದರ್‌ಕೋಲ್ ಹಣೆ ಚಚ್ಚಿಕೊಂಡಳು. "ನಿಲ್ಸೋಕೇನಾಗಿತ್ತಮ್ಮಾ ನಿಮಗೆ? ಆಲ್ನಟ್ ನೋಡಿ, ಮೊದಲ ಹಾಳೆ ತುಂಬೋ ಹೊತ್ತಿಗೇ ಇದು ಮುಗಿಯೋ ಲೆಕ್ಕ ಅಲ್ಲ ಅಂತ ಪೆನ್ಸಿಲ್ ಕೆಳಗಿಟ್ಟಿದಾರೆ!"

"ಮುಂದಿನ ಸಾಲಿಗೇ ಸರಿಹೋಗಬಹುದಿತ್ತಲ್ಲ?" ಎಂದಳು ಹಿಲ್ಡಾ.

ಕೋಣೆಯೆಲ್ಲ ನಕ್ಕಿತು. ಆಲ್ನಟ್ ನಗಲಿಲ್ಲ. ಆ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ, ಅವಳ ಮುಖ ನೋಡಿ ಹೊರಟುಹೋದ.

ಸಂಜೆ ಚಹಾದ ಹೊತ್ತಿಗೆ ಡೆನಮ್ ಇದನ್ನು ಕೇಳಿ, ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿದ. "ನಗೋಂಥದ್ದೇನಿಲ್ಲ ಇದರಲ್ಲಿ. ಗಣಿತದ ಯಾವ ಹೇಳಿಕೆ ಕೊಟ್ರೂ, ಅದನ್ನ ಸಾಧಿಸೋಕಾಗತ್ತೋ ಇಲ್ವೋ ಹೇಳೋ ಕ್ರಮ ಇದೆಯಾ ಅಂತ ಜರ್ಮನಿಯವರು ಕೇಳಿದ್ರು. ಮೊದಲು ಕ್ರಮ ಅಂದ್ರೇನು ಹೇಳ್ಬೇಕಲ್ಲ? ಈಚೆಗೆ ಈ ಊರಿನವರೇ ಒಬ್ರು ನಿಮ್ಮಂಥೋರ ಕೆಲಸಾನೇ ಮನಸ್ಸಲ್ಲಿಟ್ಕೊಂಡು ಒಂದು ಯಂತ್ರ ಊಹಿಸಿದ್ರು. ಚೌಕುಳಿ ಕಾಗದ, ಒಂದು ಸಲಕ್ಕೆ ಒಂದು ಮನೆ."

"ಆಮೇಲೆ?"

"ಲೆಕ್ಕ ಎಂದಾದ್ರೂ ನಿಲ್ಲತ್ತೋ ಇಲ್ವೋ ಅಂತ ಮೊದಲೇ ಹೇಳೋ ಕಣಿಯವಳು ಇದಾಳೆ ಅನ್ಕೊಳ್ಳಿ. ಅವಳು 'ನಿಲ್ತೀಯ' ಅಂದ್ರೆ ಓಡೋ, 'ಓಡ್ತೀಯ' ಅಂದ್ರೆ ನಿಲ್ಲೋ ತರಲೆ ಲೆಕ್ಕ ಒಂದನ್ನ ಕಟ್ಟಬಹುದು. ಅಲ್ಲಿಗೆ ಅವಳ ಕಣಿ ಸುಳ್ಳಾಯ್ತು! ಎಲ್ಲ ಲೆಕ್ಕಕ್ಕೂ ಸಲ್ಲೋ ಕಣಿ ಇರೋಕೇ ಸಾಧ್ಯ ಇಲ್ಲ. ನಿಂತ್ರೆ ಗೊತ್ತಾಗತ್ತೆ. ನಿಲ್ಲದೇ ಹೋದ್ರೆ, ಕಾಯ್ತಾನೇ ಇರ್ತೀರಿ."

ಹಿಲ್ಡಾ ಗೂಟದ ಕಡೆ ನೋಡಿದಳು. "ಹಾಗಾದ್ರೆ ಕಾಯೋರ ಗತಿ?"

"ಕ್ರಮ ಅದನ್ನ ಹೇಳಲ್ಲ. ನಾವೇ ಪೆನ್ಸಿಲ್ ಕೆಳಗಿಡ್ಬೇಕು."

ಪಾಪ, ಅವನು ಹೇಳಿದ್ದು ಗಣಿತ. ಅವಳು ಪಾತ್ರೆ ತೊಳೆಯುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಸಿಡ್ನಿಯ ಕೋಟನ್ನು ಬ್ರಶ್ ಮಾಡಿ, ಗುಂಡಿ ಹಾಕಿ, ಬೀದಿಯಲ್ಲಿ ಕೂಗುತ್ತಾ ಬಂದ ಹಳೇಬಟ್ಟೆಯವನಿಗೆ ಕೊಟ್ಟಳು. ಕ್ರಿಸ್‌ಮಸ್‌ವರೆಗೆ ಕಾಯುವುದೂ ಬೇಡ, ತಾನೇ ಹೇಳಿಬಿಡಬೇಕು ಎಂದುಕೊಂಡು ಸೋಮವಾರ ಒಳ್ಳೆಯ ಟೋಪಿ ಹಾಕಿಕೊಂಡು ಕಚೇರಿಗೆ ಬೇಗನೆ ಹೋದಳು.

ಆಲ್ನಟ್ ಮೆಟ್ಟಿಲ ಹತ್ತಿರವೇ ನಿಂತಿದ್ದ. "ನಿಮಗೇ ಮೊದಲು ಹೇಳ್ಬೇಕು ಅನ್ನಿಸ್ತು. ಬೇಕರಿ ಮಿಸೆಸ್ ಪೆಗ್ ಗೊತ್ತಲ್ಲ? ನಿನ್ನೆ ಅವರನ್ನ ಕೇಳ್ದೆ, ಒಪ್ಕೊಂಡ್ರು." ಆಮೇಲೆ ತಲೆ ತಗ್ಗಿಸಿದ. "ಅವತ್ತು ನಿಮ್ಮ ಹಾಳೆಗಳನ್ನ ನೋಡಿದೆ. ನೀವು ನಿಲ್ಸೋರಲ್ಲ ಅಂತ ಗೊತ್ತಾಯ್ತು."

ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ವಾರ ಪೆನ್ಸಿಲ್ ಕೆಳಗಿಟ್ಟಿದ್ದರು.

"ಒಳ್ಳೇದಾಯ್ತು," ಎಂದಳು ಹಿಲ್ಡಾ. "ಅವರ ಬನ್ನು ತುಂಬಾ ಚೆನ್ನಾಗಿರತ್ತೆ."

ಸಂಜೆ ಮಳೆಯಲ್ಲಿ ತೊಯ್ದು ಬಂದ ಡೆನಮ್ ಎಂದಿನಂತೆ ಕೋಟನ್ನು ಕುರ್ಚಿಯ ಮೇಲೆ ಹರವಲು ಹೋದ.

"ಅಲ್ಲೇ ತಗುಲಿಹಾಕಿ, ಮಿಸ್ಟರ್ ಡೆನಮ್," ಎಂದಳು ಹಿಲ್ಡಾ. "ಗೂಟ ಖಾಲಿ ಇದೆ."